ಪಿಯಾನೊ ಅಂಗಡಿಯಲ್ಲಿ ಬೆಳೆದ ಜಾನ್ ಫೀಲ್ಡ್

(ಸಂಗೀತ ಕೇಳುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಧ್ಯೆ ಕೇಳಿಸಿದ ತುಣುಕುಗಳ ಪ್ರಸ್ತಾಪವನ್ನು ಹಾಗೆಯೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗ ಕೇಳಿದಿರಲ್ಲ, ಅದೊಂದು ಚಿಕ್ಕ ಪಿಯಾನೊ ಕೃತಿ. ಹೆಚ್ಚೆಂದರೆ ಮೂರು ನಿಮಿಷ. ಎಡಗೈ ತಳದಿಂದ ಮೇಲಕ್ಕೆ ಸ್ವರಗಳನ್ನು ಬಿಡಿಬಿಡಿಯಾಗಿ ಹಾಸುತ್ತಾ ಹೋಗುತ್ತದೆ. ಬಲಗೈ ಅದರ ಮೇಲೆ ಹಾಡುತ್ತದೆ. ಇದು ಯಾರದ್ದು ಅಂತ ಕೇಳಿದಾಗ ಮೂರ್ನಾಲ್ಕು ಜನ ಒಟ್ಟಿಗೆ ‘ಶೋಪಾನ್’ ಅಂದಿರಿ, ಪೋಲೆಂಡಿನ ಆ ಹೆಸರಾಂತ ಪಿಯಾನೊ ಸಂಗೀತಗಾರನ ಹೆಸರು. ಹಾಗೆ ಅನ್ನಿಸುವುದು ಸಹಜ. ಆದರೆ ಇದನ್ನು ಬರೆದವನು ಜಾನ್ ಫೀಲ್ಡ್. ಡಬ್ಲಿನ್‌ನಲ್ಲಿ ಹುಟ್ಟಿದ ಐರಿಶ್ ಪಿಯಾನೊ ವಾದಕ. ಅರ್ಧಕ್ಕಿಂತ ಜಾಸ್ತಿ ಬದುಕು ಕಳೆದದ್ದು ರಷ್ಯಾದಲ್ಲಿ. ಅವನ ಮೊದಲ ಮೂರು ನಾಕ್ಟರ್ನ್‌ಗಳು, ಅಂದರೆ ರಾತ್ರಿಯ ಗುಂಗಿನ ಕೃತಿಗಳು, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅಚ್ಚಾದದ್ದು 1812ರಲ್ಲಿ. ಆಗ ಶೋಪಾನ್ ಎರಡು ವರ್ಷದ ಕೂಸು.

ಹಾಗಾಗಿ ಮಾತನ್ನು ತಿರುಗಿಸಿ ಹೇಳಬೇಕು. ಶೋಪಾನ್ ಫೀಲ್ಡ್ ಥರ ಕೇಳಿಸುತ್ತಾನೆ.

ಪಾಶ್ಚಾತ್ಯ ಸಂಗೀತದ ಇತಿಹಾಸಗಳಲ್ಲಿ ಫೀಲ್ಡ್‌ಗೆ ಸಾಮಾನ್ಯವಾಗಿ ಸಿಗುವುದು ಒಂದೇ ಸಾಲು. ನಾಕ್ಟರ್ನ್ ಶುರು ಮಾಡಿದವನು ಫೀಲ್ಡ್, ಅದನ್ನು ಎತ್ತರಕ್ಕೆ ಒಯ್ದವನು ಶೋಪಾನ್. ಅಲ್ಲಿಗೆ ಮುಗೀತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಒಬ್ಬ ಮನುಷ್ಯನನ್ನು ಇನ್ನೊಬ್ಬನ ಮನೆಗೆ ಹತ್ತುವ ಮೆಟ್ಟಿಲು ಮಾಡಿಬಿಟ್ಟರೆ, ಅವನು ನಿಜಕ್ಕೂ ಏನು ಕಂಡುಕೊಂಡ, ಎಲ್ಲಿ ಕಂಡುಕೊಂಡ ಅನ್ನೋದು ಕಾಣದೆ ಹೋಗುತ್ತದೆ. ಪಿಯಾನೊದಿಂದ ಹಾಡಿಸುವ ಬಗೆಯನ್ನು ಫೀಲ್ಡ್ ಕಲಿತದ್ದು ಒಂದು ಅಂಗಡಿಯಲ್ಲಿ ಅಂತ ನಾನು ಬಲವಾಗಿ ನಂಬಿದ್ದೇನೆ. ಇವತ್ತು ಮುಖ್ಯವಾಗಿ ಅದನ್ನೇ ಹೇಳಬೇಕು ಅಂತ ಬಂದಿದ್ದೇನೆ.

ಮೊದಲು ಡಬ್ಲಿನ್. ಫೀಲ್ಡ್ ಹುಟ್ಟಿದ್ದು 1782ರ ಜುಲೈನಲ್ಲಿ, ಗೋಲ್ಡನ್ ಲೇನ್ ಅನ್ನುವ ಬೀದಿಯಲ್ಲಿ. ಅಪ್ಪ ರಾಬರ್ಟ್ ಫೀಲ್ಡ್ ನಾಟಕಶಾಲೆಗಳಲ್ಲಿ ಪಿಟೀಲು ನುಡಿಸುತ್ತಿದ್ದ. ತಾತ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ. ಅಪ್ಪ, ತಾತ ಇಬ್ಬರೂ ಸೇರಿ ಹುಡುಗನನ್ನು ಚಿಕ್ಕಂದಿನಲ್ಲೇ ಪಾಠಕ್ಕೆ ಕೂರಿಸಿದರು. ಬಹಳ ಕಟ್ಟುನಿಟ್ಟು. ಹೊಡೆತ ತಾಳಲಾರದೆ ಹುಡುಗ ಒಮ್ಮೆ ಮನೆ ಬಿಟ್ಟು ಓಡಿಹೋಗಿದ್ದ ಅಂತಲೂ ಹೇಳುತ್ತಾರೆ.

ಆ ಕಾಲದ ಡಬ್ಲಿನ್ ಸಂಗೀತಕ್ಕೆ ಸಣ್ಣ ಊರಾಗಿರಲಿಲ್ಲ. ಹೆಸರಾಂತ ಸಂಗೀತಗಾರ ಹ್ಯಾಂಡಲ್ ತನ್ನ ಮೆಸ್ಸಾಯ ಎಂಬ ಗಾಯನ ಕೃತಿಯನ್ನು ಮೊಟ್ಟಮೊದಲು ಹಾಡಿಸಿದ್ದು 1742ರಲ್ಲಿ ಇಲ್ಲೇ. ಅದು ನಡೆದ ಫಿಶಾಂಬಲ್ ಬೀದಿಗೂ ಗೋಲ್ಡನ್ ಲೇನ್‌ಗೂ ನಡೆದು ಹೋಗುವಷ್ಟೇ ದೂರ. ಐರ್ಲೆಂಡಿಗೆ ಆಗಿನ್ನೂ ತನ್ನದೇ ಪಾರ್ಲಿಮೆಂಟ್ ಇತ್ತು. ಶ್ರೀಮಂತರು ಊರಲ್ಲೇ ಇರುತ್ತಿದ್ದರು, ಕಚೇರಿಗಳಿಗೆ ದುಡ್ಡು ಕೊಡುತ್ತಿದ್ದರು. ಇಟಲಿಯಿಂದ ಬಂದ ಸಂಗೀತಗಾರರು ಅಲ್ಲಿ ನೆಲೆ ನಿಂತಿದ್ದರು. ಅವರಲ್ಲಿ ಒಬ್ಬ ತೊಮ್ಮಾಸೊ ಜ್ಯೋರ್ದಾನಿ. ಅವನೇ ಫೀಲ್ಡ್‌ಗೆ ಮುಂದಿನ ಪಾಠ ಹೇಳಿದವನು. 1792ರ ಮಾರ್ಚ್ 24ರಂದು ರೋಟಂಡಾ ಸಭಾಂಗಣದಲ್ಲಿ ಫೀಲ್ಡ್ ಮೊದಲ ಸಲ ಜನರೆದುರು ನುಡಿಸಿದ. ಆಗ ಅವನಿಗೆ ಒಂಬತ್ತು ವರ್ಷ. ಆ ಸಭಾಂಗಣದ ಆದಾಯ ಪಕ್ಕದ ಹೆರಿಗೆ ಆಸ್ಪತ್ರೆಗೆ ಹೋಗುತ್ತಿತ್ತು. ಬಡ ತಾಯಂದಿರಿಗೆ ಅಂತ ಕಟ್ಟಿದ ಆಸ್ಪತ್ರೆ ಅದು. ಇಂದಿಗೂ ಅದು ಹೆರಿಗೆ ಆಸ್ಪತ್ರೆಯೇ.

ಮರುವರ್ಷ ಮನೆಯವರೆಲ್ಲ ಇಂಗ್ಲೆಂಡಿಗೆ ಹೊರಟರು. ಫೀಲ್ಡ್ ಮತ್ತೆ ಹುಟ್ಟಿದ ಊರಿಗೆ ಹೋಗಲೇ ಇಲ್ಲ.

ಲಂಡನ್‌ನಲ್ಲಿ ಅಪ್ಪ ಮಗನನ್ನು ಮುಜಿಯೊ ಕ್ಲೆಮೆಂಟಿಯ ಕೈಗೆ ಒಪ್ಪಿಸಿದ. ಪಿಯಾನೊ ಕಲಿತವರಿಗೆ ಕ್ಲೆಮೆಂಟಿಯ ಹೆಸರು ಗೊತ್ತಿರುತ್ತದೆ. ಅವನ ಚಿಕ್ಕ ಸೊನಾಟಿನಾಗಳನ್ನು ನುಡಿಸದೆ ಯಾರೂ ಮುಂದೆ ಹೋಗುವುದಿಲ್ಲ. ಹಿಂದೊಮ್ಮೆ ವಿಯೆನ್ನಾದಲ್ಲಿ ಚಕ್ರವರ್ತಿಯ ಎದುರು ಮೊಟ್ಸಾರ್ಟ್ ಜೊತೆ ಸ್ಪರ್ಧೆಗೆ ಕೂತವನು. ಅಂಥವನ ಹತ್ತಿರ ಏಳು ವರ್ಷ ಕಲಿಯುವ ಕರಾರಾಯಿತು. ಅದಕ್ಕೆ ಅಪ್ಪ ಕೊಟ್ಟದ್ದು 100 ಗಿನ್ನಿ ಅಂತ ಹೇಳುತ್ತಾರೆ. ನಾಟಕಶಾಲೆಯಲ್ಲಿ ಪಿಟೀಲು ನುಡಿಸಿ ಬದುಕುವವನಿಗೆ ಅದು ಸಣ್ಣ ಮೊತ್ತವಲ್ಲ.

ಹುಡುಗನ ಕೈಚಳಕ ಬೇಗನೆ ಸುದ್ದಿಯಾಯಿತು. ಆಸ್ಟ್ರಿಯಾದ ದೊಡ್ಡ ಸಂಗೀತಗಾರ ಹೈಡನ್ ಆಗ ಎರಡನೇ ಸಲ ಲಂಡನ್‌ಗೆ ಬಂದಿದ್ದ. ಫೀಲ್ಡ್ ಅನ್ನುವ ಸಣ್ಣ ಹುಡುಗ ಪಿಯಾನೊವನ್ನು ಬಹಳ ಚೆನ್ನಾಗಿ ನುಡಿಸುತ್ತಾನೆ ಅಂತ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ. 1799ರ ಫೆಬ್ರವರಿಯಲ್ಲಿ ಫೀಲ್ಡ್ ತಾನೇ ಬರೆದ ಮೊದಲ ಪಿಯಾನೊ ಕನ್ಚೆರ್ಟೊವನ್ನು, ಅಂದರೆ ವಾದ್ಯವೃಂದದ ಜೊತೆ ಪಿಯಾನೊ ನುಡಿಸುವ ದೊಡ್ಡ ಕೃತಿಯನ್ನು, ಲಂಡನ್‌ನ ಕಿಂಗ್ಸ್ ಥಿಯೇಟರಿನಲ್ಲಿ ನುಡಿಸಿದ. ವಯಸ್ಸು 16. ಅದರ ಮಧ್ಯದ ನಿಧಾನದ ಭಾಗದಲ್ಲಿ ಜನಪ್ರಿಯ ಸ್ಕಾಟಿಷ್ ಹಾಡೊಂದರ ಧಾಟಿ ಇದೆ. ಕೇಳಿದವರು ಗುರುತು ಹಿಡಿದು ಖುಷಿಪಟ್ಟಿರಬೇಕು.

ಈಗ ಅಂಗಡಿಗೆ ಬರೋಣ.

ಕ್ಲೆಮೆಂಟಿ ಬರೀ ಸಂಗೀತಗಾರನಲ್ಲ, ಒಳ್ಳೆಯ ವ್ಯಾಪಾರಿ. 1798ರಲ್ಲಿ, ದಿವಾಳಿಯಾಗಿದ್ದ ಒಂದು ಸಂಗೀತ ಪ್ರಕಾಶನ ಮತ್ತು ವಾದ್ಯಗಳ ಕಂಪನಿಯನ್ನು ಪಾಲುದಾರರ ಜೊತೆ ಸೇರಿ ತೆಗೆದುಕೊಂಡ. ಲಂಡನ್‌ನ ಚೀಪ್‌ಸೈಡ್ ಬೀದಿಯಲ್ಲಿ ಅದರ ಅಂಗಡಿ. ಪಿಯಾನೊ ಕೊಳ್ಳಲು ಗಿರಾಕಿ ಬಂದರೆ ನುಡಿಸಿ ತೋರಿಸಲು ಒಬ್ಬ ಬೇಕಲ್ಲ? ಆ ಕೆಲಸ ಫೀಲ್ಡ್‌ನದ್ದು. ಗಂಟೆಗಟ್ಟಲೆ ಅಂಗಡಿಯಲ್ಲಿ ಕೂತು ಒಂದಾದ ಮೇಲೆ ಒಂದು ವಾದ್ಯ ನುಡಿಸಿ ಅದರ ನಾದ ಕೇಳಿಸಬೇಕು. ಸಂಗೀತ ಕಲಿಯಲು ಬಂದ ಹುಡುಗ ಮಾರಾಟದ ಹುಡುಗನಾದ.

ಫೀಲ್ಡ್ ಬಗ್ಗೆ ಬರೆಯುವವರು ಇದನ್ನು ಗುರುವಿನ ಶೋಷಣೆ ಅಂತ ಬರೆಯುತ್ತಾರೆ. ಶೋಷಣೆ ಹೌದು. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಕೆಲಸದಲ್ಲಿ ಕಿವಿಗೆ ಏನು ದಕ್ಕುತ್ತದೆ ಅಂತಲೂ ಯೋಚನೆ ಮಾಡಿ. ಕಚೇರಿಯಲ್ಲಿ ನುಡಿಸುವವನು ಒಂದು ಪಿಯಾನೊ ಮೇಲೆ ಕೃತಿಯನ್ನು ಚೆನ್ನಾಗಿ ಒಪ್ಪಿಸಬೇಕು. ಅಂಗಡಿಯಲ್ಲಿ ನುಡಿಸುವವನು ವಾದ್ಯವನ್ನೇ ಚೆನ್ನಾಗಿ ಕೇಳಿಸಬೇಕು. ಗಿರಾಕಿಗೆ ಕೃತಿಯ ಚಿಂತೆ ಇಲ್ಲ. ಇದರ ನಾದ ಎಷ್ಟು ಹೊತ್ತು ನಿಲ್ಲುತ್ತೆ, ಕೆಳಗಿನ ಸ್ವರ ಎಷ್ಟು ತುಂಬಿ ಬರುತ್ತೆ, ಮೇಲಿನದು ಎಷ್ಟು ಮೆತ್ತಗೆ ಬರುತ್ತೆ, ಅಷ್ಟೇ ಅವನಿಗೆ ಬೇಕು. ಹದಿನಾರು ಹದಿನೇಳನೇ ವಯಸ್ಸಿನಿಂದ ವರ್ಷಗಟ್ಟಲೆ ಇದನ್ನೇ ಮಾಡಿದ ಹುಡುಗನ ಬೆರಳಿಗೆ ಪಿಯಾನೊದ ನಾದ ಹೇಗೆ ಹುಟ್ಟಿ ಹೇಗೆ ಆರುತ್ತದೆ ಅನ್ನೋದು ಪೂರ್ತಿ ಗೊತ್ತಾಗಿರುತ್ತದೆ.

ಇಲ್ಲಿ ಪಿಯಾನೊದ ಒಳಗೆ ಸ್ವಲ್ಪ ಇಣುಕಬೇಕು. ಬೇಸರ ಮಾಡಿಕೊಳ್ಳಬೇಡಿ, ಉಳಿದ ಮಾತೆಲ್ಲ ಇದರ ಮೇಲೆ ನಿಂತಿದೆ. ಕೀ ಒತ್ತಿದರೆ ಒಳಗೆ ಒಂದು ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಬಡಿದ ಕ್ಷಣದಿಂದಲೇ ನಾದ ಕರಗಲು ಶುರು. ಪಿಟೀಲಿನಲ್ಲಾದರೆ ಕಮಾನು ಎಳೆಯುತ್ತಾ ಸ್ವರವನ್ನು ಬೆಳೆಸಬಹುದು. ಗಂಟಲಲ್ಲೂ ಬೆಳೆಸಬಹುದು. ಪಿಯಾನೊದಲ್ಲಿ ಆಗದು. ಜೊತೆಗೆ, ಕೀ ಮೇಲಿಂದ ಬೆರಳು ತೆಗೆದ ಕೂಡಲೇ ಡ್ಯಾಂಪರ್ ಅನ್ನುವ ಮೆತ್ತನೆಯ ತುಂಡು ತಂತಿಯ ಮೇಲೆ ಬಂದು ಕೂತು ನಾದವನ್ನು ನಿಲ್ಲಿಸುತ್ತದೆ. ಬಲಗಾಲಿನ ಪೆಡಲ್ ಒತ್ತಿದರೆ ಮಾತ್ರ ಎಲ್ಲ ಡ್ಯಾಂಪರ್‌ಗಳೂ ಒಟ್ಟಿಗೆ ಮೇಲೇಳುತ್ತವೆ. ಬೆರಳು ತೆಗೆದರೂ ತಂತಿ ಮಿಡಿಯುತ್ತಲೇ ಇರುತ್ತದೆ.

ಆ ಕಾಲದಲ್ಲಿ ವಿಯೆನ್ನಾದ ಪಿಯಾನೊಗಳೂ ಇಂಗ್ಲೆಂಡಿನ ಪಿಯಾನೊಗಳೂ ಬೇರೆ ಬೇರೆ ಥರ ಇದ್ದವು. ವಿಯೆನ್ನಾದವು ಹಗುರ. ಬೆರಳು ತಾಗಿದರೆ ಸಾಕು, ಸ್ವರ ಸ್ಪಷ್ಟವಾಗಿ ಬಂದು ಚಟ್ಟನೆ ನಿಲ್ಲುತ್ತಿತ್ತು. ಬ್ರಾಡ್‌ವುಡ್, ಕ್ಲೆಮೆಂಟಿಯಂಥ ಲಂಡನ್ ಕಂಪನಿಗಳ ಪಿಯಾನೊ ಸ್ವಲ್ಪ ಭಾರ. ಆದರೆ ನಾದ ತುಂಬಿಕೊಂಡು ಬರುತ್ತಿತ್ತು, ಬೆರಳು ತೆಗೆದ ಮೇಲೂ ಸ್ವಲ್ಪ ಉಳಿಯುತ್ತಿತ್ತು. ಫೀಲ್ಡ್ ಬೆಳೆದದ್ದು ಈ ಎರಡನೇ ಥರದ ನಾದದ ಮಧ್ಯೆ.

ಅವನು ಏನು ಮಾಡಿದ ಅಂದರೆ, ಎಡಗೈಯಲ್ಲಿ ತೀರಾ ಕೆಳಗಿನ ಒಂದು ಸ್ವರ ತಾಗಿಸಿ ಪೆಡಲ್ ಹಿಡಿದ. ಆ ಸ್ವರ ಮಿಡಿಯುತ್ತಿರುವಾಗಲೇ ಕೈಯನ್ನು ಮೇಲಕ್ಕೆ ಸರಿಸಿ, ದೂರ ದೂರದ ಸ್ವರಗಳನ್ನು ಒಂದೊಂದಾಗಿ ನುಡಿಸಿದ. ಒಂದು ಕೈ ಒಟ್ಟಿಗೆ ಹಿಡಿಯಲಾಗದಷ್ಟು ಅಗಲದ ಸ್ವರಗುಚ್ಛ ಪೆಡಲ್‌ನ ದಯೆಯಿಂದ ಒಟ್ಟಾಗಿ ಕೇಳಿಸಿತು. ನಮ್ಮ ಕಚೇರಿಯ ತಂಬೂರಿ ನೆನಪು ಮಾಡಿಕೊಳ್ಳಿ. ಹಾಡುವವರು ಉಸಿರು ತೆಗೆದುಕೊಂಡಾಗಲೂ ನಾದ ನಿಲ್ಲುವುದಿಲ್ಲ, ಅಲ್ವಾ? ಫೀಲ್ಡ್‌ನ ಎಡಗೈ ಆ ಕೆಲಸ ಮಾಡುತ್ತದೆ. ತಂಬೂರಿಯ ಶ್ರುತಿ ಬದಲಾಗುವುದಿಲ್ಲ, ಇಲ್ಲಿ ತಳದ ಸ್ವರ ಹೆಜ್ಜೆ ಹೆಜ್ಜೆಗೂ ಬದಲಾಗುತ್ತದೆ. ಹಾಗೆ ಬದಲಾದಾಗಲೆಲ್ಲ ಪೆಡಲ್ ಬಿಟ್ಟು ಮತ್ತೆ ಹಿಡಿಯಬೇಕು. ಇಲ್ಲದಿದ್ದರೆ ಎಲ್ಲ ಕಲಸಿಹೋಗುತ್ತದೆ. ಈ ಆಸರೆ ಸಿಕ್ಕ ಮೇಲೆ ಬಲಗೈಗೆ ಅವಸರವಿಲ್ಲ. ಕರಗುವ ಸ್ವರ ಕರಗಿದ್ದು ಗೊತ್ತಾಗುವುದಿಲ್ಲ. ಇಟಲಿಯ ಒಪೆರಾ ಗಾಯಕಿಯರು ಹಾಡುವಂತೆ ಎಳೆದು, ತೂಗಿ, ಚಿಕ್ಕ ಚಿಕ್ಕ ಅಲಂಕಾರ ಹಾಕಿ ಹಾಡಬಹುದು.

ಇದೆಲ್ಲ ಪೂರ್ತಿ ಫೀಲ್ಡ್ ಒಬ್ಬನದೇ ಅಂತ ನಾನು ಹೇಳುತ್ತಿಲ್ಲ. ಲಂಡನ್‌ನಲ್ಲಿದ್ದ ಡುಸೆಕ್, ಕ್ರಾಮರ್ ಮುಂತಾದ ಪಿಯಾನೊ ವಾದಕರೂ ಪೆಡಲ್‌ನ ರುಚಿ ನೋಡಿದ್ದರು. ಆದರೆ ಈ ನಾದವನ್ನೇ ಇಡೀ ಕೃತಿ ಮಾಡಿದವನು ಫೀಲ್ಡ್.

(ಇಲ್ಲಿ ಮೊದಲನೇ ನಾಕ್ಟರ್ನ್‌ನ ಮೊದಲ ನಿಮಿಷವನ್ನು ಎರಡು ಸಲ ಕೇಳಿಸಿದೆ. ಎರಡನೇ ಸಲ ಎಡಗೈಯ ಕಡೆ ಮಾತ್ರ ಗಮನ ಕೊಡಿ ಅಂತ ಹೇಳಿದೆ.)

1802ರಲ್ಲಿ ಕ್ಲೆಮೆಂಟಿ ಯುರೋಪಿನ ಉದ್ದಕ್ಕೂ ವ್ಯಾಪಾರಕ್ಕೆ ಹೊರಟ. ಜೊತೆಗೆ ಫೀಲ್ಡ್‌ನನ್ನೂ ಕರೆದುಕೊಂಡ. ಪ್ಯಾರಿಸ್ಸಿನಲ್ಲಿ ಫೀಲ್ಡ್ ಬಾಖ್ ಮತ್ತು ಹ್ಯಾಂಡಲ್‌ರ ಫ್ಯೂಗ್‌ಗಳನ್ನು, ಅಂದರೆ ಒಂದೇ ಧಾಟಿಯನ್ನು ಹಲವು ಸ್ವರಧಾರೆಗಳು ಒಂದರ ಹಿಂದೊಂದು ಹಿಡಿದು ಹೋಗುವ ಕೃತಿಗಳನ್ನು, ನುಡಿಸಿದಾಗ ಜನ ಬೆರಗಾದರು. ಅಲ್ಲಿಂದ ವಿಯೆನ್ನಾ. ಬೀಥೋವನ್‌ಗೆ ಪಾಠ ಹೇಳಿದ್ದ ಆಲ್ಬ್ರೆಕ್ಟ್ಸ್‌ಬರ್ಗರ್ ಬಳಿ ಹುಡುಗನನ್ನು ಬಿಟ್ಟು ಮುಂದೆ ಹೋಗಬೇಕು ಅನ್ನೋದು ಕ್ಲೆಮೆಂಟಿಯ ಲೆಕ್ಕ. ಫೀಲ್ಡ್ ತನ್ನನ್ನೂ ಕರೆದುಕೊಂಡು ಹೋಗು ಅಂತ ಅಂಗಲಾಚಿದ. ಗೊತ್ತಿಲ್ಲದ ಊರು, ಗೊತ್ತಿಲ್ಲದ ಭಾಷೆ. ಹೆದರಿರಬೇಕು ಪಾಪ. ಹಾಗೆ ಇಬ್ಬರೂ ಡಿಸೆಂಬರ್‌ನ ಚಳಿಯಲ್ಲಿ ಪೀಟರ್ಸ್‌ಬರ್ಗ್ ಮುಟ್ಟಿದರು.

ಆ ಚಳಿಗಾಲದ ಫೀಲ್ಡ್‌ನನ್ನು ಕಣ್ಣಾರೆ ಕಂಡು ಬರೆದವನು ಜರ್ಮನಿಯ ಪಿಟೀಲು ವಾದಕ ಲೂಯಿ ಸ್ಪೋರ್. ಅವನಿಗೂ ಆಗ ಹದಿನೆಂಟು ಹತ್ತೊಂಬತ್ತರ ಪ್ರಾಯ. ಬಿಳುಚಿದ ಮುಖದ, ಉದ್ದಕ್ಕೆ ಬೆಳೆದ ಹುಡುಗ. ಬಟ್ಟೆ ಯಾವತ್ತೋ ಚಿಕ್ಕದಾಗಿದೆ. ಪಿಯಾನೊ ಮುಂದೆ ಕೂತು ಕೈ ಚಾಚಿದರೆ ಅಂಗಿಯ ತೋಳು ಹೆಚ್ಚೂಕಡಿಮೆ ಮೊಣಕೈವರೆಗೆ ಸರಿಯುತ್ತಿತ್ತು. ನೋಡಲು ತೀರಾ ಪೆದ್ದುಪೆದ್ದಾಗಿ ಕಾಣುತ್ತಿದ್ದ. ಆದರೆ ನುಡಿಸಲು ಶುರು ಮಾಡಿದರೆ ಬೇರೆಲ್ಲ ಮರೆತುಹೋಗಿ ಮೈಯೆಲ್ಲ ಕಿವಿಯಾಗುತ್ತಿತ್ತು ಅಂತ ಸ್ಪೋರ್ ಬರೆಯುತ್ತಾನೆ. ತನಗಾದ ಸಂತೋಷವನ್ನು ಅವನು ಫೀಲ್ಡ್‌ಗೆ ಬಾಯಿಬಿಟ್ಟು ಹೇಳಲು ಆಗಲಿಲ್ಲ. ಫೀಲ್ಡ್‌ಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಸುಮ್ನೆ ಕೈ ಒತ್ತಿದ.

ಇನ್ನೊಂದು ದಿನ ಸ್ಪೋರ್ ಅವರ ಕೋಣೆಗೆ ಹೋದರೆ ಗುರು ಶಿಷ್ಯ ಇಬ್ಬರೂ ತೋಳು ಮಡಚಿಕೊಂಡು ಬಟ್ಟೆ ಒಗೆಯುವ ತೊಟ್ಟಿಯ ಮುಂದೆ ಇದ್ದರು. ಕಾಲುಚೀಲ, ಒಳಬಟ್ಟೆ ತಾವೇ ಒಗೆದುಕೊಳ್ಳುತ್ತಿದ್ದರು. ಬಂದವನನ್ನು ನೋಡಿ ಕೆಲಸ ನಿಲ್ಲಿಸಲೂ ಇಲ್ಲ. ನೀನೂ ಹೀಗೇ ಮಾಡು, ಈ ಊರಲ್ಲಿ ಒಗೆಯಲು ಕೊಟ್ಟರೆ ದುಡ್ಡೂ ಜಾಸ್ತಿ, ಬಟ್ಟೆಯೂ ಹಾಳು ಅಂತ ಕ್ಲೆಮೆಂಟಿ ಬುದ್ಧಿವಾದ ಹೇಳಿದ. ಕೈಯಲ್ಲಿ ಬೇಕಾದಷ್ಟು ದುಡ್ಡಿದ್ದ ಮನುಷ್ಯ ಅವನು. ಶಿಷ್ಯನಿಗೆ ಅಳತೆಯ ಒಂದು ಅಂಗಿ ಹೊಲಿಸಲಿಲ್ಲವಲ್ಲ ಅನ್ನೋದು ನನ್ನನ್ನು ಪ್ರತಿ ಸಲವೂ ಕಾಡುತ್ತದೆ.

ಪೀಟರ್ಸ್‌ಬರ್ಗ್‌ನಲ್ಲೂ ಕೆಲಸ ಅದೇ. ಕ್ಲೆಮೆಂಟಿಯ ಪಿಯಾನೊಗಳನ್ನು ನುಡಿಸಿ ತೋರಿಸುವುದು. ಆದರೆ ಈ ಸಲ ಕೇಳುತ್ತಿದ್ದವರು ರಷ್ಯಾದ ಶ್ರೀಮಂತ ಮನೆತನದವರು. ವಾದ್ಯದ ಜೊತೆಗೆ ನುಡಿಸುವವನೂ ಅವರ ಮನಸ್ಸಿಗೆ ಹಿಡಿಸಿದ. 1803ರ ಬೇಸಿಗೆಯಲ್ಲಿ ಕ್ಲೆಮೆಂಟಿ ಹೊರಟುಹೋದ. ಫೀಲ್ಡ್ ಅಲ್ಲೇ ಉಳಿದ. ಮರುವರ್ಷ ನಗರದ ಫಿಲ್‌ಹಾರ್ಮೋನಿಕ್ ಸಂಸ್ಥೆಯ ಕಚೇರಿಯಲ್ಲಿ ನುಡಿಸಿದ. ಆಮೇಲೆ ಹಿಂದೆ ತಿರುಗಿ ನೋಡಲಿಲ್ಲ. ಪೀಟರ್ಸ್‌ಬರ್ಗ್, ಮಾಸ್ಕೋ ಎರಡೂ ಕಡೆ ಕಚೇರಿ, ಪಾಠ. ಪಾಠಕ್ಕೆ ಕೇಳಿದಷ್ಟು ಹಣ. 1810ರಲ್ಲಿ ಅಡಲೈಡ್ ಪೆರ್ಶೆರಾನ್ ಎಂಬ ಫ್ರೆಂಚ್ ಪಿಯಾನೊ ವಾದಕಿಯನ್ನು ಮದುವೆಯಾದ. ಅವಳು ಅವನ ಶಿಷ್ಯೆಯೇ ಆಗಿದ್ದವಳು.

ನಾಕ್ಟರ್ನ್‌ಗಳು ಬಂದದ್ದು ಈ ವರ್ಷಗಳಲ್ಲಿ. ಮೊದಲ ಮೂರು ಅಚ್ಚಾದ ವರ್ಷವೇ ನೆಪೋಲಿಯನ್ ರಷ್ಯಾದ ಮೇಲೆ ದಂಡೆತ್ತಿ ಬಂದ, ಮಾಸ್ಕೋ ಸುಟ್ಟುಹೋಯಿತು. ಮೂರು ವರ್ಷದ ನಂತರ ಜರ್ಮನಿಯ ದೊಡ್ಡ ಪ್ರಕಾಶಕರಾದ ಬ್ರೈಟ್‌ಕೋಫ್ ಮತ್ತು ಹೆರ್ಟೆಲ್ ಅವನ ಕೃತಿಗಳನ್ನು ಹೊರತರಲು ಶುರು ಮಾಡಿದರು. ಅಲ್ಲಿಂದ ಯುರೋಪಿನ ಮನೆಮನೆಯ ಪಿಯಾನೊ ಮೇಲೆ ಫೀಲ್ಡ್ ಬಂದು ಕೂತ.

ಈ ಪುಟ್ಟ ಕೃತಿಗಳಲ್ಲಿ ಅಂಥ ಹೊಸತೇನು ಅಂತ ನೀವು ಕೇಳಬಹುದು. ಅದುವರೆಗೆ ಪಿಯಾನೊಗೆ ಬರೆಯಬೇಕಾದರೆ ಒಂದು ಸಿದ್ಧ ಚೌಕಟ್ಟು ಬೇಕಿತ್ತು. ಸೊನಾಟಾ, ರಾಂಡೊ, ಫ್ಯೂಗ್, ವೇರಿಯೇಷನ್. ಇವುಗಳಲ್ಲಿ ಎಲ್ಲಿ ಏನು ಬರಬೇಕು, ಎಲ್ಲಿಗೆ ಮರಳಬೇಕು ಅಂತ ಕೇಳುವವರಿಗೂ ಅಂದಾಜು ಇರುತ್ತಿತ್ತು. ಫೀಲ್ಡ್ ಆ ಯಾವುದನ್ನೂ ಇಟ್ಟುಕೊಳ್ಳಲಿಲ್ಲ. ಒಂದು ರಾಗಧಾರೆ, ಒಂದು ಭಾವ. ಅದು ಮುಗಿದಾಗ ಕೃತಿ ಮುಗಿಯುತ್ತದೆ. ಈ ಮಾತನ್ನು ಬಹಳ ಗೌರವದಿಂದ ಹೇಳಿದವನು ಹಂಗೇರಿಯ ಪ್ರಸಿದ್ಧ ಪಿಯಾನೊ ವಾದಕ ಲಿಸ್ಟ್. 1859ರಲ್ಲಿ ಫೀಲ್ಡ್‌ನ ನಾಕ್ಟರ್ನ್‌ಗಳನ್ನು ಒಟ್ಟು ಮಾಡಿ ಅಚ್ಚು ಹಾಕಿಸಿ, ತಾನೇ ಮುನ್ನುಡಿ ಬರೆದ. ಹೆಸರಿಟ್ಟ ಚೌಕಟ್ಟುಗಳಿಗೆ ಸೇರದ, ಭಾವ ಮತ್ತು ರಾಗವೇ ಎಲ್ಲವೂ ಆದ ಕೃತಿಗಳಿಗೆ ಮೊದಲು ಬಾಗಿಲು ತೆಗೆದವನು ಇವನು ಅನ್ನೋದು ಅವನ ಮಾತಿನ ಸಾರ. ಆಮೇಲೆ ಬಂದ ಎಷ್ಟೋ ಬಗೆಯ ಚಿಕ್ಕ ಪಿಯಾನೊ ಕೃತಿಗಳು ಆ ಬಾಗಿಲಿನಿಂದಲೇ ಬಂದವು.

ಫೀಲ್ಡ್ ಹೇಗೆ ನುಡಿಸುತ್ತಿದ್ದ? ಇದಕ್ಕೆ ಒಳ್ಳೆಯ ಸಾಕ್ಷಿ ಗ್ಲಿಂಕಾ. ರಷ್ಯನ್ ಸಂಗೀತದ ಹಿರಿಯಣ್ಣ ಅಂತ ಎಲ್ಲರೂ ಒಪ್ಪುವ ಗ್ಲಿಂಕಾ, ಹುಡುಗನಾಗಿದ್ದಾಗ ಪೀಟರ್ಸ್‌ಬರ್ಗ್‌ನಲ್ಲಿ ಫೀಲ್ಡ್ ಬಳಿ ಕೆಲವೇ ಪಾಠ ಹೇಳಿಸಿಕೊಂಡಿದ್ದ. ಫೀಲ್ಡ್ ಕೀಗಳನ್ನು ಬಡಿಯುತ್ತಿರಲಿಲ್ಲ, ಬೆರಳುಗಳೇ ದಪ್ಪ ಮಳೆಹನಿಗಳ ಹಾಗೆ ಅದರ ಮೇಲೆ ಬಿದ್ದು, ಮಖಮಲ್ಲಿನ ಮೇಲೆ ಮುತ್ತು ಉರುಳಿದಂತೆ ಉರುಳುತ್ತಿದ್ದವು ಅಂತ ಅವನು ನೆನಪಿಸಿಕೊಳ್ಳುತ್ತಾನೆ. ಫೀಲ್ಡ್‌ನ ವಾದನ ನಿದ್ದೆ ಬರಿಸುವಂಥದ್ದು ಅಂತ ಲಿಸ್ಟ್ ಒಮ್ಮೆ ಗ್ಲಿಂಕಾನ ಎದುರು ಅಂದಿದ್ದನಂತೆ. ಗ್ಲಿಂಕಾ ಅದನ್ನು ಒಪ್ಪಲಿಲ್ಲ. ಅವನ ವಾದನದಲ್ಲಿ ಹುರುಪೂ ಇತ್ತು, ಚೇಷ್ಟೆಯೂ ಇತ್ತು. ಈಗಿನ ಫ್ಯಾಷನ್ನಿನ ಪಿಯಾನೊ ವಾದಕರ ಹಾಗೆ ಬೆರಳಿನಿಂದ ಕಟ್ಲೆಟ್ ಕೊಚ್ಚುತ್ತಿರಲಿಲ್ಲ ಅಷ್ಟೇ ಅಂತ ಬರೆದ. ಮೆತ್ತಗೆ ನುಡಿಸುವವರನ್ನು ಮಂಕು ಅಂತ ತಳ್ಳಿಹಾಕುವ ಚಾಳಿ ಆಗಲೂ ಇತ್ತು ನೋಡಿ.

ಇನ್ನೂ ಒಂದು ವಿಷಯ. ಫೀಲ್ಡ್ ತನ್ನ ಕೃತಿಗಳನ್ನು ಒಮ್ಮೆ ಬರೆದು ಕೈ ತೊಳೆದುಕೊಳ್ಳುತ್ತಿರಲಿಲ್ಲ. ಅಚ್ಚಾದ ಮೇಲೂ ತಿದ್ದುತ್ತಿದ್ದ. ಬಲಗೈಯ ಅಲಂಕಾರಗಳನ್ನು ಬದಲಿಸುತ್ತಲೇ ಇದ್ದ. ಅದಕ್ಕೇ ಬೇರೆ ಬೇರೆ ಮುದ್ರಣಗಳಲ್ಲಿ ಒಂದೇ ನಾಕ್ಟರ್ನ್ ಸ್ವಲ್ಪ ಬೇರೆ ಬೇರೆ ರೂಪದಲ್ಲಿ ಸಿಗುತ್ತದೆ.

1819ರ ಹೊತ್ತಿಗೆ ಅವನ ಸ್ಥಿತಿ ಎಷ್ಟು ಚೆನ್ನಾಗಿತ್ತು ಅಂದರೆ, ಆಸ್ಥಾನದ ಪಿಯಾನೊ ವಾದಕನ ಹುದ್ದೆ ಹುಡುಕಿಕೊಂಡು ಬಂದಾಗ ಬೇಡ ಅಂದ. 1821ರಲ್ಲಿ ಮಾಸ್ಕೋಗೆ ಬಂದು ನೆಲೆಸಿದ. ಆದರೆ ಮನೆ ಒಡೆಯಿತು. ಹೆಂಡತಿ ಮಗ ಏಡ್ರಿಯನ್‌ನನ್ನು ಕರೆದುಕೊಂಡು ಬೇರೆ ಹೋದಳು. ಮದುವೆಯ ಆಚೆಗಿನ ಸಂಬಂಧದಲ್ಲಿ ಹುಟ್ಟಿದ ಇನ್ನೊಬ್ಬ ಮಗ ಫೀಲ್ಡ್‌ಗೆ ಇದ್ದ. ಕುಡಿತ ಮೊದಲಿಂದಲೂ ಇತ್ತು, ಮಾಸ್ಕೋದಲ್ಲಿ ಮಿತಿ ಮೀರಿತು. ಕೈಗೆ ಬಂದ ದುಡ್ಡು ನಿಲ್ಲುತ್ತಿರಲಿಲ್ಲ. ಸುಮಾರು ಹತ್ತು ವರ್ಷ ಹೊಸದಾಗಿ ಏನನ್ನೂ ಅಚ್ಚಿಗೆ ಕೊಡಲಿಲ್ಲ ಅನ್ನಬಹುದು. ಪಾಠ ಮಾತ್ರ ನಡೆಯುತ್ತಲೇ ಇತ್ತು.

1831ರಲ್ಲಿ ಕಾಯಿಲೆ ಹಿಡಿಯಿತು. ಗುದನಾಳದ ಕ್ಯಾನ್ಸರ್. ಮೂವತ್ತು ವರ್ಷದ ನಂತರ ಚಿಕಿತ್ಸೆಗೆ ಅಂತ ಲಂಡನ್‌ಗೆ ಮರಳಿದ. 1832ರ ಫೆಬ್ರವರಿಯಲ್ಲಿ ಅಲ್ಲಿನ ಫಿಲ್‌ಹಾರ್ಮೋನಿಕ್ ಸೊಸೈಟಿಯ ಕಚೇರಿಯಲ್ಲಿ ನುಡಿಸಿದ. ಮಾರ್ಚ್‌ನಲ್ಲಿ ಕ್ಲೆಮೆಂಟಿ ತೀರಿಕೊಂಡ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅಂತ್ಯಕ್ರಿಯೆ. ಹಿಂದೆ ನಡೆದ ಶಿಷ್ಯರಲ್ಲಿ ಫೀಲ್ಡ್ ಕೂಡ ಇದ್ದ. ತೋಳು ಗಿಡ್ಡವಾದ ಅಂಗಿ ಹಾಕಿಸಿ ರಷ್ಯಾದ ಚಳಿಯಲ್ಲಿ ಬಿಟ್ಟುಹೋದ ಗುರು. ಪಿಯಾನೊ ಅಂದರೆ ಏನು ಅಂತ ಕಲಿಸಿದವನೂ ಅವನೇ. ಫೀಲ್ಡ್ ಮನಸ್ಸಿನಲ್ಲಿ ಏನಿತ್ತೋ, ಆದರೆ ಹೋಗಿ ನಿಂತ. ಅದೇ ವರ್ಷ ತಾಯಿಯೂ ಹೋದಳು.

ಡಿಸೆಂಬರ್‌ನಲ್ಲಿ ಪ್ಯಾರಿಸ್. ತನ್ನ ಏಳನೇ, ಅಂದರೆ ಕೊನೆಯ ಕನ್ಚೆರ್ಟೊ ನುಡಿಸಿದ. ಪ್ಯಾರಿಸ್ಸಿನ ಕಿವಿ ಅಷ್ಟರಲ್ಲಿ ಬದಲಾಗಿತ್ತು. ವೇಗ, ಅಬ್ಬರ, ಕೈಚಳಕಗಳ ಕಾಲ ಅದು. ಶೋಪಾನ್ ಆಗ ಅದೇ ಊರಲ್ಲಿದ್ದ. ಅವನು ಪ್ಯಾರಿಸ್ಸಿಗೆ ಬಂದ ಹೊಸದರಲ್ಲಿ ಕಾಲ್ಕ್‌ಬ್ರೆನ್ನರ್ ಎಂಬ ಹೆಸರಾಂತ ವಾದಕ ಅವನ ವಾದನ ಕೇಳಿ, ನೀನು ಫೀಲ್ಡ್‌ನ ಶಿಷ್ಯನಾ ಅಂತ ಕೇಳಿದ್ದ. ಶೋಪಾನ್ ಅದನ್ನು ಊರಿಗೆ ಬರೆದ ಪತ್ರದಲ್ಲಿ ಖುಷಿಯಿಂದಲೇ ಹೇಳಿಕೊಂಡಿದ್ದಾನೆ. ತನ್ನ ಶಿಷ್ಯರಿಗೂ ಫೀಲ್ಡ್‌ನ ಕೃತಿಗಳನ್ನು ಕೊಡುತ್ತಿದ್ದ. ಆದರೆ ಕಣ್ಣೆದುರು ಬಂದ ಫೀಲ್ಡ್ ವಯಸ್ಸಾದ, ಕಾಯಿಲೆಯ ಮನುಷ್ಯ. ಅವನ ವಾದನ ಶೋಪಾನ್‌ಗೆ ನಿರಾಸೆ ತಂದಿತು.

ಅಲ್ಲಿಂದ ಮುಂದೆ ಬೆಲ್ಜಿಯಂ, ದಕ್ಷಿಣ ಫ್ರಾನ್ಸ್, ಸ್ವಿಟ್ಜರ್‌ಲೆಂಡ್, ಇಟಲಿ. ದೇಹ ಕೈಕೊಡುತ್ತಿದ್ದರೂ ಊರಿಂದ ಊರಿಗೆ ಕಚೇರಿ. 1834ರಲ್ಲಿ ನೇಪಲ್ಸ್ ನಗರದಲ್ಲಿ ಆಸ್ಪತ್ರೆ ಸೇರಿದವನು ಒಂಬತ್ತು ತಿಂಗಳು ಅಲ್ಲೇ ಮಲಗಿದ. ಕೈಯಲ್ಲಿ ಕಾಸಿಲ್ಲ. ಕೊನೆಗೆ ರಾಖ್ಮಾನೋವ್ ಎಂಬ ರಷ್ಯನ್ ಮನೆತನದವರು ಅವನನ್ನು ಹುಡುಕಿ, ಜೊತೆಗೆ ಕರೆದುಕೊಂಡು ಮಾಸ್ಕೋ ದಾರಿ ಹಿಡಿದರು. ದಾರಿಯಲ್ಲಿ ವಿಯೆನ್ನಾ. ಅಲ್ಲಿ ಹೆಸರಾಂತ ಪಿಯಾನೊ ಗುರು ಚೆರ್ನಿಯ ಮನೆಯಲ್ಲಿ ಉಳಿದು ಮೂರು ಕಚೇರಿ ಕೊಟ್ಟ. ಆ ಸ್ಥಿತಿಯಲ್ಲೂ! ಜನ ಮೆಚ್ಚಿದರು.

ಮಾಸ್ಕೋದಲ್ಲಿ ಮತ್ತೆ ಕೆಲವು ನಾಕ್ಟರ್ನ್ ಬರೆದ. 1836ರ ಮಾರ್ಚ್‌ನಲ್ಲಿ ಕೊನೆಯ ಸಲ ಜನರೆದುರು ನುಡಿಸಿದ. ಅದೇ ವರ್ಷದ ಕೊನೆಯಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಗ್ಲಿಂಕಾನ ಮೊದಲ ಒಪೆರಾ ರಂಗಕ್ಕೆ ಬಂತು. ಅದರ ಮುಖ್ಯ ಟೆನರ್ (ಎತ್ತರದ ಗಂಡು ಕಂಠದ) ಪಾತ್ರದಲ್ಲಿ ಹಾಡಿದ ಲಿಯೊನೊವ್ ಬೇರೆ ಯಾರೂ ಅಲ್ಲ, ಫೀಲ್ಡ್‌ನ ಮಗ, ಆಗಲೇ ಹೇಳಿದ ಆ ಇನ್ನೊಬ್ಬ ಮಗ. ತಂದೆಯ ಶಿಷ್ಯ ಬರೆದ ಸಂಗೀತಕ್ಕೆ ಮಗನ ಕಂಠ. ಕೆಲವೇ ವಾರಗಳಲ್ಲಿ, 1837ರ ಜನವರಿ 23ರಂದು, ಫೀಲ್ಡ್ ನ್ಯುಮೋನಿಯಾದಿಂದ ತೀರಿಕೊಂಡ. 54 ವರ್ಷ. ಮಾಸ್ಕೋದ ವ್ವೆಡೆನ್‌ಸ್ಕೋಯೆ ಸ್ಮಶಾನದಲ್ಲಿ ಸಮಾಧಿ ಇದೆ. ಗೆಳೆಯರು, ಶಿಷ್ಯರು ಸೇರಿ ಕಲ್ಲು ನಿಲ್ಲಿಸಿದರು.

ಶಿಷ್ಯರು ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಬೇಕು. ಶೋಪಾನ್‌ನ ಹಿಂದಿನ ಮೆಟ್ಟಿಲು ಅಂತ ಮಾತ್ರ ಫೀಲ್ಡ್‌ನನ್ನು ನೋಡುವವರು ಮರೆಯುವುದು ಇದನ್ನೇ. ಮಾಸ್ಕೋದಲ್ಲಿ ಅಲೆಕ್ಸಾಂಡರ್ ಡ್ಯೂಬುಕ್ ಎಂಬ ಶಿಷ್ಯ ಅವನಿಗಿದ್ದ. ಗುರುವಿನ ಬಗ್ಗೆ ನೆನಪುಗಳನ್ನೂ ಬರೆದಿಟ್ಟವನು. ಡ್ಯೂಬುಕ್‌ನ ಶಿಷ್ಯ ನಿಕೊಲಾಯ್ ಜ್ವೆರೆವ್. ಜ್ವೆರೆವ್ ತನ್ನ ಮನೆಯಲ್ಲೇ ಹುಡುಗರನ್ನು ಇಟ್ಟುಕೊಂಡು ಪಾಠ ಹೇಳುತ್ತಿದ್ದ. ಹಾಗೆ ಅವನ ಮನೆಯಲ್ಲಿ ಇದ್ದು ಕಲಿತವರಲ್ಲಿ ಒಬ್ಬ ರಷ್ಯಾದ ಪ್ರಸಿದ್ಧ ಪಿಯಾನೊ ಸಂಗೀತಗಾರ ರಾಖ್ಮಾನಿನೋವ್. ಜ್ವೆರೆವ್ ಬಳಿ ಕಲಿತ ಅಂಥದ್ದೇ ಇನ್ನೊಬ್ಬ ಸಂಗೀತಗಾರ ಸ್ಕ್ರಿಯಾಬಿನ್. ಲಂಡನ್‌ನ ಪಿಯಾನೊ ಅಂಗಡಿಯಲ್ಲಿ ಒಬ್ಬ ಐರಿಶ್ ಹುಡುಗ ಕಂಡುಕೊಂಡ ನಾದ, ಎರಡು ತಲೆಮಾರು ದಾಟಿ ರಾಖ್ಮಾನಿನೋವ್‌ನ ಬೆರಳಿಗೆ ಬಂತು. ಇದಕ್ಕೂ ಶೋಪಾನ್‌ಗೂ ಸಂಬಂಧವೇ ಇಲ್ಲ. ಅದು ಫೀಲ್ಡ್‌ನ ಸ್ವಂತ ಪರಂಪರೆ.

ಅಮೆರಿಕದ ಸ್ಯಾಮುಯೆಲ್ ಬಾರ್ಬರ್ 1959ರಲ್ಲಿ ಒಂದು ನಾಕ್ಟರ್ನ್ ಬರೆದು ಫೀಲ್ಡ್‌ಗೆ ನಮನ ಅಂತ ಹೆಸರಿಸಿದ. ಡಬ್ಲಿನ್‌ನ ನ್ಯಾಷನಲ್ ಕಾನ್ಸರ್ಟ್ ಹಾಲ್‌ನಲ್ಲಿ ಅವನ ಹೆಸರಿನ ಒಂದು ಸಭಾಂಗಣವಿದೆ. ಐರ್ಲೆಂಡಿನ ಜಾನ್ ಓಕಾನರ್ ನಾಕ್ಟರ್ನ್‌ಗಳನ್ನು ರೆಕಾರ್ಡ್ ಮಾಡಿದ್ದಾರೆ. ಮೀಹಾಲ್ ಓರೂರ್ಕ್ ಏಳೂ ಕನ್ಚೆರ್ಟೊಗಳನ್ನು ನುಡಿಸಿದ್ದಾರೆ. ಕೇಳಬೇಕು ಅನ್ನುವವರಿಗೆ ಈಗ ಯಾವ ಕೊರತೆಯೂ ಇಲ್ಲ.

(ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳು.)

ಒಬ್ಬರು ಕೇಳಿದರು: ಅಷ್ಟು ಪ್ರತಿಭೆ ಇದ್ದವನು ಕುಡಿದು ಹಾಳಾಗದೆ ಇದ್ದಿದ್ದರೆ ಇನ್ನೂ ದೊಡ್ಡ ಹೆಸರು ಮಾಡುತ್ತಿದ್ದನಲ್ವಾ?

ಇನ್ನಷ್ಟು ಬರೆಯುತ್ತಿದ್ದ, ಅದು ನಿಜ. ಆ ಹತ್ತು ವರ್ಷ ಕಳೆದುಹೋದದ್ದು ನನಗೂ ಸಂಕಟವೇ. ಆದರೆ ಫೀಲ್ಡ್‌ನ ದಾರಿ ದೊಡ್ಡ ದೊಡ್ಡ ಕೃತಿಗಳದ್ದಲ್ಲ. ಅವನ ಕನ್ಚೆರ್ಟೊಗಳನ್ನೇ ತೆಗೆದುಕೊಳ್ಳಿ. ಉದ್ದದ ಮೊದಲ ಭಾಗಗಳು ಕೆಲವೆಡೆ ಸಡಿಲವಾಗುತ್ತವೆ, ಕಟ್ಟಡ ನಿಲ್ಲುವುದಿಲ್ಲ. ಇದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆ ಉದ್ದದ ಮಧ್ಯೆ ಪಿಯಾನೊ ಒಂಟಿಯಾಗಿ ಹಾಡುವ ಜಾಗಗಳು ಬರುತ್ತವೆ. ಆಗ ಮಾತ್ರ ಅವನೇ ರಾಜ. ಹದಿನೆಂಟು ಪುಟ್ಟ ನಾಕ್ಟರ್ನ್‌ಗಳಲ್ಲಿ ಹೇಳಬೇಕಾದ್ದನ್ನು ಹೇಳಿಬಿಟ್ಟಿದ್ದಾನೆ ಅಂತ ನನಗೆ ಅನ್ನಿಸುತ್ತದೆ.

ಇನ್ನೊಬ್ಬರು: ಮನೆಯಲ್ಲಿ ಕೇಳಲು ಯಾವುದರಿಂದ ಶುರು ಮಾಡಬೇಕು?

ಬಿ-ಫ್ಲ್ಯಾಟ್ ಶ್ರುತಿಯ ಐದನೆಯ ನಾಕ್ಟರ್ನ್ ಅನ್ನು ಶುರುವಿನಲ್ಲೇ ಕೇಳಿದ್ದೀರಿ. ಮೊದಲನೆಯದನ್ನೂ ಅರ್ಧ ಕೇಳಿದ್ದೀರಿ, ಅದನ್ನು ಪೂರ್ತಿ ಮಾಡಿ. ಆಮೇಲೆ ನಾಲ್ಕನೆಯದು, ಎ ಮೇಜರ್‌ನಲ್ಲಿರುವುದು. ಅದರ ಮಧ್ಯದಲ್ಲಿ ಒಮ್ಮೆ ಬಿರುಸಾಗುತ್ತದೆ. ಫೀಲ್ಡ್ ಅಂದರೆ ಬರೀ ಮೆತ್ತನೆ ಅಂದುಕೊಂಡವರು ಅದನ್ನು ಕೇಳಬೇಕು. ಕನ್ಚೆರ್ಟೊಗಳಲ್ಲಿ ಎರಡನೆಯದು. ಶೋಪಾನ್ ಶಿಷ್ಯರಿಗೆ ಹೇಳಿಕೊಡುತ್ತಿದ್ದದ್ದು ಅದನ್ನೇ.

ಹೊರಡುವ ಮೊದಲು ಇ ಮೇಜರ್‌ನ ಹದಿನೆಂಟನೆಯದನ್ನು ಹಾಕುತ್ತೇನೆ. ನಾಕ್ಟರ್ನ್‌ಗಳ ಸಾಲಿಗೆ ಸೇರಿದೆ, ಆದರೆ ಅದು ಮಟಮಟ ಮಧ್ಯಾಹ್ನದ ಕೃತಿ. ಕೊನೆಯಲ್ಲಿ ಪಿಯಾನೊದಲ್ಲೇ ಗಡಿಯಾರ ಹನ್ನೆರಡು ಹೊಡೆಯುತ್ತದೆ. ಎಣಿಸಿಕೊಳ್ಳಿ.